ತಲೆಗೊಪ್ಪುವ ಹೆಲ್ಮೆಟ್

ಹೆಲ್ಮೆಟ್ಟಿನ ಗುಣ ತಿಳಿಯುವುದು ಅದು ತಲೆಯ ಮೇಲೆ ಕೂರುವ ರೀತಿಯಲ್ಲಿ. ಬಿದ್ದಾಗ ಹೊರಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮಾಕೋಲ್ ಪದರ ತಾನು ಜಜ್ಜಿಹೋಗಿ ಅದನ್ನು ಹೀರುತ್ತದೆ. ತಲೆಗೂ ಪದರಕ್ಕೂ ನಡುವೆ ಸಡಿಲವಿದ್ದರೆ ಈ ಕೆಲಸ ಕೆಡುತ್ತದೆ, ಹೆಲ್ಮೆಟ್ಟೇ ಕಳಚಿ ಹಾರಲೂಬಹುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಬೈಕ್ ಸವಾರಿಯ ಸುಖವೇ ಬೇರೆ. ನಾಲೆಯ ಏರಿ, ಭತ್ತದ ಬಯಲು, ಆಲೆಮನೆಯ ಬೆಲ್ಲದ ಘಮ, ಕುಂತಿಬೆಟ್ಟದ ಬಂಡೆಗಳು, ಮೇಲುಕೋಟೆಯ ಏರುದಾರಿ ಎಲ್ಲವೂ ಒಂದೇ ದಿನದ ಸವಾರಿಗೆ ಸಿಗುತ್ತವೆ. ಅದೇ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳಿರುತ್ತವೆ. ಮುಸ್ಸಂಜೆಗೆ ಗದ್ದೆಬಯಲಿನ ಹುಳು ಕಣ್ಣಿಗೆ ಬಡಿಯುತ್ತದೆ. ಆದ್ದರಿಂದ ಗಲ್ಲವನ್ನೂ ಮುಚ್ಚುವ, ತಿಳಿಗಾಜಿನ ಪೂರ್ಣ ಹೆಲ್ಮೆಟ್ ಇಲ್ಲಿಗೆ ತಕ್ಕದ್ದು.

ಆಯ್ಕೆ ಟೇಪಿನಿಂದ ಶುರುವಾಗುತ್ತದೆ. ಹುಬ್ಬಿಗಿಂತ ಸುಮಾರು 2.5 ಸೆಂ.ಮೀ. ಮೇಲೆ, ಹಿಂದಲೆಯ ಉಬ್ಬನ್ನು ಬಳಸಿ ಸುತ್ತಳತೆ ಹಿಡಿಯಬೇಕು. 58 ಸೆಂ.ಮೀ. ಬಂದರೆ 580 ಎಂಬ ಗುರುತಿನದನ್ನು ನೋಡಬೇಕು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಅಕ್ಷರಕ್ಕಿಂತ ಅಂಕಿಯನ್ನು ನಂಬುವುದು ಲೇಸು. ಅಳತೆ ಎರಡರ ನಡುವೆ ಬಿದ್ದರೆ ಚಿಕ್ಕದನ್ನೇ ಮೊದಲು ಹಾಕಿ ನೋಡಬೇಕು. ಕೆನ್ನೆಯ ಮೆತ್ತೆ ಬಳಸುತ್ತ ಬಳಸುತ್ತ ಸಡಿಲಾಗುತ್ತದೆ.

ಸುತ್ತಳತೆ ಒಂದೇ ಆದರೂ ಕೆಲವರ ತಲೆ ನೀಳ, ಕೆಲವರದು ಗುಂಡು. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡಿರಬೇಕು. ಹಣೆಯ ಒಂದೇ ಕಡೆ ನೋವೆದ್ದರೆ ಅಳತೆ ಸರಿಯಿದ್ದರೂ ಆಕಾರ ಹೊಂದುವುದಿಲ್ಲ. ಕೆನ್ನೆ ಬಿಗಿಯಾಗಿರಬೇಕು, ಹೆಲ್ಮೆಟ್ ಹಿಡಿದು ತಿರುಗಿಸಿದರೆ ಕೆನ್ನೆ, ಹಣೆಯ ಚರ್ಮವೂ ಜೊತೆಗೇ ಸರಿಯಬೇಕು. ಪಟ್ಟಿ ಬಿಗಿದು, ಹಿಂಬದಿಯ ಅಂಚನ್ನು ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದಾಗ ಕಳಚಿ ಬಂದರೆ ಅದು ಬೇಡ. ಟವೆಲ್ ಸುತ್ತಿ ಅಥವಾ ತುರುಬಿನ ಮೇಲೆ ಹಾಕಿದರೆ ಎಂಥ ಅಳತೆಯೂ ಕೆಡುತ್ತದೆ; ಕೂದಲನ್ನು ಕತ್ತಿನ ಬಳಿ ಇಳಿಸಿ ಕಟ್ಟಬೇಕು.

ಕೊನೆಗೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆಯನ್ನು ನೋಡಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದೆ ಕೂರುವವರಿಗೂ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಮಗುವಿಗೆ ದೊಡ್ಡವರದು ಆಗದು, ಅದರ ಅಳತೆಯದೇ ಬೇಕು.

ಸರಿಯಾದ ಹೆಲ್ಮೆಟ್ ಗಾಳಿಯ ಗದ್ದಲವನ್ನು ತಗ್ಗಿಸುತ್ತದೆ, ಕತ್ತನ್ನು ದಣಿಸುವುದಿಲ್ಲ, ಕಣ್ಣಿಗೆ ಅಡ್ಡ ಬರುವುದಿಲ್ಲ. ಸವಾರ ನೆಮ್ಮದಿಯಿಂದ ದಾರಿ ನೋಡುತ್ತ ಸಾಗಬಹುದು. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ತೊಡಬಾರದು. ಜಜ್ಜಿದ ಪದರ ಮೊದಲಿನಂತಾಗುವುದಿಲ್ಲ.