ಎರವಲು ಅಂಗಿ

ಹಿತ್ತಿಲ ಕೋಳಿಗೂ ನೊಬೆಲ್ ಪಾರಿತೋಷಕಕ್ಕೂ ನಂಟುಂಟೆಂದರೆ ನಮ್ಮ ಕ್ಯಾಲನೂರಿನವರು ನಕ್ಕಾರು. ಆದರೆ ಉಂಟು. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಅವರು ಕೋಳಿಯೊಂದರ ಗೆಡ್ಡೆಯನ್ನು ಅರೆದು, ಸೋಸಿ, ಆ ರಸದಿಂದಲೇ ಬೇರೊಂದು ಕೋಳಿಗೆ ಗೆಡ್ಡೆ ಬರುವುದನ್ನು ತೋರಿಸಿದರು. ಪಾರಿತೋಷಕ ಬಂದುದು 1966ರಲ್ಲಿ. ಅಷ್ಟು ತಾಳ್ಮೆ ಕಾವು ಕೂತ ಕೋಳಿಗೂ ಇರಲಾರದು!

ಆ ವೈರಸ್ಸಿನ ಒಂದು ತಳಿಗೆ ವಿಚಿತ್ರವಾದ ಬಡತನ. ಮೈಮುಚ್ಚುವ ಕವಚವನ್ನು ತಾನೇ ನೇಯ್ದುಕೊಳ್ಳಲಾರದು. ಅದೇ ಜೀವಕೋಶದಲ್ಲಿ ಅದರ ಬಳಗದ ಇನ್ನೊಂದು ವೈರಸ್ಸು ಬಿಡಾರ ಹೂಡಿದ್ದರೆ, ಅದರ ಕವಚವನ್ನೇ ಎರವಲು ತೊಟ್ಟು ಹೊರಬೀಳುವುದು. 1963ರಲ್ಲಿ ಕ್ಯಾಲಿಫೋರ್ನಿಯದ ಹ್ಯಾರಿ ರೂಬಿನ್ ಹಾಗೂ ಹನಫೂಸ ದಂಪತಿಗಳು ಈ ಗುಟ್ಟನ್ನು ಬಯಲಿಗೆಳೆದರು. ಕೋಶದ ಬಾಗಿಲು ತೆರೆಯುವುದು ಅಂಗಿಯ ಗುರುತು ಹಿಡಿದು. ಆದುದರಿಂದ ಯಾವ ಮನೆ ಹೊಗಬಹುದೆಂಬುದು ಅಂಗಿ ಕೊಟ್ಟವನ ಕೈಯಲ್ಲಿದೆ.

ಎಚ್‌ಐವಿಯೂ ಇದೇ ಬಳಗದ್ದು. ಸಿಡಿ4 ಎಂಬ ಗುರುತುಳ್ಳ ಕೋಶಗಳೇ ಅದರ ಗುರಿ. 1990ರಲ್ಲಿ ಪಾವೋಲೊ ಲುಸ್ಸೊ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲಿ ಅದನ್ನು ಇಲಿಯ ವೈರಸ್ಸಿನೊಡನೆ ಒಂದೇ ಕೋಶದಲ್ಲಿ ಬೆಳೆಸಿದಾಗ, ಸಿಡಿ4 ಇಲ್ಲದ ಕೋಶಗಳನ್ನೂ ಅದು ಹೊಕ್ಕಿತು.

ಕಾಲೇಜಿನಲ್ಲಿ ಓದುವ ಅಣ್ಣನ ಮಗಳು ಇದನ್ನು ಊಟದ ಹೊತ್ತಿನಲ್ಲಿ ಬಣ್ಣಿಸಿದಳು. ಅತ್ತಿಗೆಯ ಕೈಯ ಸೌಟು ನಿಂತಿತು. ಅವರ ಅಡಿಗೆಗೆ ನೆರವಾಗುವ ಹೆಂಗಸಿಗೆ ಆ ಸೋಂಕಿದೆ. ಕೋಲಾರದಿಂದ ತಿಂಗಳ ಮಾತ್ರೆ ತಂದುಕೊಳ್ಳುತ್ತಾಳೆ. 2004ರಿಂದ ಸರ್ಕಾರ ಕೊಡುತ್ತಿರುವ ಉಚಿತ ಮಾತ್ರೆ.

"ಅಲ್ಲಪ್ಪಾ, ಅವಳಿಗೆ ನೆಗಡಿ ಬಂದು, ಆ ಅಂಗಿ ತೊಟ್ಟುಕೊಂಡು ನಮ್ಮ ಮಗುವಿಗೆ ಬಂದರೆ?" ಎಂದರು. ನಾಳೆಯಿಂದ ಅವಳು ಬರುವುದು ಬೇಡವೆಂಬ ಮಾತು ತುದಿನಾಲಗೆಯಲ್ಲಿತ್ತು.

"ಅತ್ತಿಗೆ, ಎರವಲು ಅಂಗಿ ಒಂದೇ ತಲೆಮಾರಿಗೆ. ಒಳಗಿನ ಬರಹ ಬದಲಾಗುವುದಿಲ್ಲ. ಹೊಸ ಕೋಶದಲ್ಲಿ ಹುಟ್ಟಿದ ಮರಿಗಳು ಮತ್ತೆ ತಮ್ಮ ಹಳೆಯ ಅಂಗಿಯನ್ನೇ ತೊಡುತ್ತವೆ. ಅದೂ ಗಾಜಿನ ಪಾತ್ರೆಯಲ್ಲಿ ನಡೆದ ಸಂಗತಿ. ಇಷ್ಟು ವರ್ಷಗಳಲ್ಲಿ ಈ ಸೋಂಕು ಹರಡಿರುವುದು ರಕ್ತದಿಂದ, ದೇಹಸಂಪರ್ಕದಿಂದ, ತಾಯಿಯಿಂದ ಮಗುವಿಗೆ; ಕೆಮ್ಮಿನಿಂದಲ್ಲ, ಸಾರಿನಿಂದಲ್ಲ. ತಪ್ಪದೆ ಮಾತ್ರೆ ನುಂಗುವವರ ರಕ್ತದಲ್ಲಿ ವೈರಸ್ಸು ಹುಡುಕಿದರೂ ಸಿಕ್ಕದಷ್ಟು ಇಳಿಯಬಲ್ಲುದು" ಎಂದೆ. ಸೋಂಕಿನ ಕಾರಣಕ್ಕೆ ಕೆಲಸ ಬಿಡಿಸುವುದನ್ನು 2017ರ ಕಾಯಿದೆ ತಡೆಯುತ್ತದೆಂಬುದನ್ನೂ ಸೇರಿಸಿದೆ.

"ಕಾಯಿದೆ ಹಾಗಿರಲಿ" ಎಂದ ಅತ್ತಿಗೆ ಮಗಳತ್ತ ತಿರುಗಿದರು. "ಅವಳ ಮುಂದೆ ಇದನ್ನೆಲ್ಲ ಆಡಿದೆಯೇನೇ?" ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಮರುದಿನ ಮುದ್ದೆ ತೊಳಸಿದವಳು ಅವಳೇ. ಆದರೂ ಮಗುವಿನ ಹಾಲಿನ ಲೋಟವನ್ನು ಅತ್ತಿಗೆ ತಾವೇ ತೊಳೆದಿಟ್ಟರು. ಅದರ ಮಾತು ಇನ್ನೂ ಬಾಕಿಯಿದೆ.