ಪೈಪು ಕಾಣಬೇಕಾ, ಬೇಡವಾ?

ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗ ಒಮ್ಮೆ ತಲೆ ಎತ್ತಿ ನೋಡಿ. ಬಿಳಿ ಚೌಕಗಳ ಫಾಲ್ಸ್ ಸೀಲಿಂಗ್ ಕಾಣುತ್ತದೆ, ಅಷ್ಟೇ. ಅದರ ಮೇಲಿನ ಇಕ್ಕಟ್ಟಾದ ಜಾಗದಲ್ಲಿ ಏಸಿ ಡಕ್ಟು, ಬೆಂಕಿ ಆರಿಸುವ ನೀರಿನ ಪೈಪು, ಆಕ್ಸಿಜನ್ ಪೈಪು, ಮೇಲಿನ ಮಹಡಿಯ ಶೌಚಾಲಯದ ಡ್ರೈನು, ಕೇಬಲ್ ಟ್ರೇ ಎಲ್ಲವೂ ಒಂದನ್ನೊಂದು ದಾಟಿಕೊಂಡು ಹೋಗಿರುತ್ತವೆ. ನನ್ನ ಕೆಲಸ ಇರುವುದು ಅಲ್ಲಿ. ಏಣಿ ಹತ್ತಿ ಅಲ್ಲ. ಬೆಂಗಳೂರಿನಲ್ಲಿ ಕೂತು, ಆ ಜಾಗವನ್ನು ಕಂಪ್ಯೂಟರಿನಲ್ಲಿ ಮೊದಲೇ ಕಟ್ಟಿ ನೋಡುವ ತಂಡಕ್ಕೆ ಸಾಫ್ಟ್‌ವೇರ್ ಬರೆದುಕೊಡುವುದು. ಓದಿದ್ದು ಮೆಕ್ಯಾನಿಕಲ್, ಬರೆಯುವುದು ಕೋಡು. ಸಂಬಂಧಿಕರಿಗೆ ಇದನ್ನು ವಿವರಿಸಲು ಹೋಗಿ "ಓ, ಪ್ಲಂಬಿಂಗಾ?" ಅನ್ನಿಸಿಕೊಂಡಿದ್ದೇನೆ. ಪೂರ್ತಿ ಸುಳ್ಳೂ ಅಲ್ಲ ಬಿಡಿ.

ನಾವು ಬಳಸುವುದು ಆಟೋಡೆಸ್ಕ್ ಕಂಪನಿಯ ರೆವಿಟ್. ಇದರಲ್ಲಿ ಪೈಪಿಗೆ ಅಂತ ಗೆರೆ ಎಳೆಯುವುದಿಲ್ಲ, ಪೈಪನ್ನೇ ಇಡುತ್ತೇವೆ. ಅದಕ್ಕೆ ವ್ಯಾಸ ಇರುತ್ತದೆ, ಎತ್ತರ ಇರುತ್ತದೆ, ಇಳಿಜಾರು ಇರುತ್ತದೆ. ನಕ್ಷೆ ಅನ್ನುವುದು ಆ ಮಾದರಿಯನ್ನು ಒಂದು ಕಡೆಯಿಂದ ನೋಡಿದ ನೋಟ ಮಾತ್ರ. ಅದಕ್ಕೆ ವ್ಯೂ ಅನ್ನುತ್ತಾರೆ. ಒಂದೇ ಕಟ್ಟಡಕ್ಕೆ ನೂರಾರು ವ್ಯೂ. ತಲೆನೋವು ಶುರುವಾಗುವುದೇ ಇಲ್ಲಿ. ಎಲ್ಲವೂ ಮಾದರಿಯಲ್ಲಿ ಇರುವುದರಿಂದ ಎಲ್ಲವೂ ಕಾಗದದ ಮೇಲೆ ಬರಲು ನೂಕಾಡುತ್ತವೆ. ಸುಮ್ಮನೆ ಪ್ರಿಂಟ್ ಕೊಟ್ಟರೆ ಸಂತೆಯಲ್ಲಿ ಮಗು ಕಳೆದ ಹಾಗೆ, ಬೇಕಾದ ಗೆರೆಯೊಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ.

ಹಾಗಾಗಿ ಮಾದರಿ ಕಟ್ಟುವುದು ಅರ್ಧ ಕೆಲಸ. ಉಳಿದರ್ಧ, ಯಾರಿಗೆ ಯಾವ ಗೆರೆ ಕಾಣಬೇಕು, ಯಾವುದು ಕಾಣಬಾರದು ಅಂತ ತೀರ್ಮಾನಿಸುವುದು. ಕೀಲಿಮಣೆಯಲ್ಲಿ ವಿ ಅಕ್ಷರವನ್ನು ಎರಡು ಸಲ ಒತ್ತಿದರೆ ಒಂದು ದೊಡ್ಡ ಪಟ್ಟಿ ತೆರೆದುಕೊಳ್ಳುತ್ತದೆ. ಡಕ್ಟು, ಪೈಪು, ನಲ್ಲಿ, ದೀಪ, ಬಾಗಿಲು ಒಂದೊಂದರ ಪಕ್ಕದಲ್ಲೂ ಒಂದು ಟಿಕ್. ತೆಗೆದರೆ ಮಾಯ. ಇದಲ್ಲದೆ ಎಷ್ಟು ವಿವರವಾಗಿ ಕಾಣಬೇಕು ಅನ್ನುವುದಕ್ಕೆ ಮೂರು ಹಂತ: ಕೋರ್ಸ್, ಮೀಡಿಯಂ, ಫೈನ್. ಕೋರ್ಸ್‌ನಲ್ಲಿ ಡಕ್ಟೂ ಪೈಪೂ ಒಂಟಿ ಗೆರೆ. ಮೀಡಿಯಂಗೆ ಬಂದರೆ ಡಕ್ಟು ಎರಡು ಗೆರೆಯಾಗಿ ಅಗಲವಾಗುತ್ತದೆ, ಪೈಪು ಮಾತ್ರ ಇನ್ನೂ ಒಂಟಿ ಗೆರೆಯಲ್ಲೇ ಇರುತ್ತದೆ. ಫೈನ್‌ಗೆ ಹೋದರೆ ಪೈಪಿಗೂ ಎರಡು ಗೆರೆ. ಹೊಸದಾಗಿ ಸೇರಿದವರು ಮೊದಲ ವಾರ ಕೇಳುವ ಪ್ರಶ್ನೆ ಇದೇ, "ಸರ್, ನನ್ನ ಪೈಪು ಯಾಕೆ ದಾರದ ತರ ಕಾಣ್ತಿದೆ?"

ಎರಡನೇ ವಾರದ ಪ್ರಶ್ನೆ, "ಸರ್, ಪೈಪೇ ಕಾಣ್ತಿಲ್ಲ." ಇದಕ್ಕೆ ಹತ್ತು ಕಾರಣ ಇರಬಹುದು. ಸಾಮಾನ್ಯವಾಗಿ ಮಹಡಿಯ ನಕ್ಷೆಯೆಂದರೆ ಕಟ್ಟಡವನ್ನು ನೆಲದಿಂದ 1200 ಮಿಲಿಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ಬಗ್ಗಿ ನೋಡಿದಂತೆ. ವ್ಯೂಗೆ ಮೇಲಿನ ಮಿತಿಯೂ ಒಂದಿರುತ್ತದೆ. ಅದು 2300 ಅಂತಿದ್ದು ಪೈಪು 2700ರಲ್ಲಿ ಹೋಗಿದ್ದರೆ, ಪೈಪು ಮಾದರಿಯಲ್ಲಿ ಸುಖವಾಗಿರುತ್ತದೆ, ಆ ವ್ಯೂಗೆ ಮಾತ್ರ ಅದರ ಗೊಡವೆ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದಾಟುವ ಗೆರೆಗಳ ವಿಷಯ. ಚುಕ್ಕಿ ರಂಗೋಲಿಯಲ್ಲಿ ಎಳೆ ಎಳೆಯನ್ನು ದಾಟಿದರೆ ಯಾವುದು ಮೇಲೆ ಅಂತ ಯಾರೂ ಕೇಳುವುದಿಲ್ಲ. ಪೈಪಿನಲ್ಲಿ ಕೇಳಲೇಬೇಕು. ಡ್ರೈನು ಡಕ್ಟಿನ ಕೆಳಗೆ ಹೋಗಿದೆಯಾ, ಮೇಲೆ ಹೋಗಿದೆಯಾ? ಒತ್ತಡದ ನೀರಿನ ಪೈಪಾದರೆ ಎಲ್ಲಿಯಾದರೂ ಹತ್ತಿಸಿ ಇಳಿಸಬಹುದು. ಡ್ರೈನಿಗೆ ಆ ಸ್ವಾತಂತ್ರ್ಯ ಇಲ್ಲ. ನೂರಕ್ಕೆ ಒಂದರ ಇಳಿಜಾರು ಅಂದರೂ ಹತ್ತು ಮೀಟರ್ ಹೋಗುವಷ್ಟರಲ್ಲಿ ಹತ್ತು ಸೆಂಟಿಮೀಟರ್ ಇಳಿದಿರಬೇಕು. ಅದಕ್ಕೇ ಡ್ರೈನಿಗೆ ಮೊದಲು ದಾರಿ ಬಿಟ್ಟು, ಉಳಿದವರು ಸರಿದುಕೊಳ್ಳಬೇಕು. ಮನೆಯಲ್ಲಿ ಅಜ್ಜ ಇದ್ದ ಹಾಗೆ.

ಇದನ್ನು ತೋರಿಸಲು ರೆವಿಟ್‌ನಲ್ಲಿ 'ಎಂಇಪಿ ಹಿಡನ್ ಲೈನ್' ಅಂತ ಒಂದು ಸೆಟ್ಟಿಂಗ್ ಇದೆ. ಅದಕ್ಕೊಂದು ಟಿಕ್ ಹಾಕಿ, ವ್ಯೂ ಅನ್ನು ಹಿಡನ್ ಲೈನ್ ಶೈಲಿಯಲ್ಲಿಟ್ಟರೆ, ಕೆಳಗೆ ನುಸುಳಿ ಹೋಗುವ ಪೈಪು ಡಕ್ಟಿನ ಕೆಳಗಿರುವಷ್ಟು ದೂರ ತುಂಡು ತುಂಡು ಗೆರೆಯಾಗುತ್ತದೆ. ಅದರ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಅಂತಲೂ ಹೇಳಬಹುದು. ಒಂಟಿ ಗೆರೆಗಳು ದಾಟುವ ಕಡೆ ಕೆಳಗಿನದನ್ನು ಸ್ವಲ್ಪ ಕಡಿದು ಬಿಡುತ್ತದೆ. ಇಷ್ಟು ಚಿಕ್ಕ ಅಂತರವನ್ನು ನೋಡಿ ಸೈಟಿನಲ್ಲಿರುವ ಫಿಟ್ಟರು "ಇದು ಕೆಳಗೆ" ಅಂತ ಓದಿಕೊಳ್ಳುತ್ತಾನೆ. ಅವನ ಕೈಯಲ್ಲಿರುವುದು ಮಡಚಿ ಮಡಚಿ ಸವೆದ ಕಪ್ಪುಬಿಳುಪು ಪ್ರಿಂಟು. ನಮ್ಮ ಪರದೆಯ ಬಣ್ಣಗಳೆಲ್ಲ ಅವನಿಗೆ ತಲುಪುವುದೇ ಇಲ್ಲ.

ನಿಮ್ಮ ಮನೆಯ ಪ್ಲಾನ್ ಬೀರುವಿನಲ್ಲಿದ್ದರೆ ತೆಗೆದು ನೋಡಿ. ಅಡುಗೆಮನೆಯ ಲಾಫ್ಟ್, ಕಿಟಕಿಯ ಮೇಲಿನ ಸಜ್ಜಾ ತುಂಡು ಗೆರೆಯಲ್ಲಿರುತ್ತವೆ. ನೆಲದೊಳಗಿನ ಸಂಪೂ ಬಹಳಷ್ಟು ಪ್ಲಾನುಗಳಲ್ಲಿ ಅದೇ ತುಂಡು ಗೆರೆ. ತಲೆಯ ಮೇಲಿರುವುದಕ್ಕೂ ಕಾಲ ಕೆಳಗಿರುವುದಕ್ಕೂ ಒಂದೇ ಗುರುತು! ಓದುವವನಿಗೆ ಲಾಫ್ಟ್ ಎಲ್ಲಿರುತ್ತದೆ, ಸಂಪು ಎಲ್ಲಿರುತ್ತದೆ ಅಂತ ಗೊತ್ತಿದೆ ಅನ್ನುವ ನಂಬಿಕೆಯ ಮೇಲೆ ಈ ವ್ಯವಹಾರ ನಡೆದಿದೆ.

ಅಡಗಿಸುವುದಕ್ಕೆ ಎರಡು ದಾರಿ. ಒಂದು, ನಿಯಮ ಹಾಕುವುದು: ಈ ವ್ಯೂನಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಬಿಟ್ಟು ಬೇರೆ ಪೈಪು ಬೇಡ ಅಂತ ಫಿಲ್ಟರ್ ಬರೆದು, ಟೆಂಪ್ಲೇಟ್ ಮಾಡಿ, ಹತ್ತು ಮಹಡಿಗೂ ಅದನ್ನೇ ಹಚ್ಚುವುದು. ಇನ್ನೊಂದು, ಅಡ್ಡ ಬಂದ ಪೈಪನ್ನು ಆರಿಸಿ 'ಹೈಡ್' ಅನ್ನುವುದು. ಎರಡನೆಯದಕ್ಕೆ ಎರಡು ಸೆಕೆಂಡ್ ಸಾಕು, ಅದಕ್ಕೇ ಅದು ಅಪಾಯ. ನಾನು ನೋಡಿದ ಒಂದು ಯೋಜನೆಯಲ್ಲಿ, ಅಕ್ಷರದ ಮೇಲೆ ಗೆರೆ ಹಾಯುತ್ತಿದೆ ಅಂತ ಯಾರೋ ಒಂದು ಸ್ಪ್ರಿಂಕ್ಲರ್ ಪೈಪನ್ನು ಹೀಗೆ ಅಡಗಿಸಿದ್ದರು. ಮಾದರಿಯಲ್ಲಿ ಪೈಪು ಇದೆ, ಸಾಮಗ್ರಿ ಪಟ್ಟಿಯಲ್ಲಿ ಅದರ ಉದ್ದವೂ ಸೇರಿದೆ, ಹಾಳೆಯಲ್ಲಿ ಮಾತ್ರ ಇಲ್ಲ. ಸೈಟಿನಲ್ಲಿ ಆ ಜಾಗ ಖಾಲಿ ಅಂದುಕೊಂಡು ಕೇಬಲ್ ಟ್ರೇ ನೇತುಹಾಕಿದರು. ಆಮೇಲೆ ಬಿಚ್ಚಿದರು. ಬೆಂಕಿ ಬಿದ್ದಾಗ ಬೇಕಾದ ನೀರು ಒಂದು ಅಕ್ಷರದ ಅಂದಕ್ಕೆ ಅಡ್ಡಿಯಾಗಿತ್ತು ಅಂತ ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ.

ಅಡಗಿದ್ದನ್ನು ನೋಡಲು ಪರದೆಯ ಕೆಳಗೆ ಪುಟ್ಟ ಬಲ್ಬಿನ ಚಿತ್ರವಿದೆ. ಒತ್ತಿದರೆ ಅಡಗಿದವರೆಲ್ಲ ಕಡುಗುಲಾಬಿ ಬಣ್ಣದಲ್ಲಿ ಎದ್ದು ನಿಲ್ಲುತ್ತಾರೆ. ಆದರೆ ನೂರಾರು ವ್ಯೂಗಳಲ್ಲಿ ಬಲ್ಬು ಒತ್ತುತ್ತಾ ಕೂರುವವರು ಯಾರು? ಅದಕ್ಕೆ ನಾನೊಂದು ಪ್ರೋಗ್ರಾಂ ಬರೆದೆ. ಅದು ಪ್ರತಿ ವ್ಯೂಗೆ ಹೋಗಿ ಪ್ರತಿ ಪೈಪನ್ನೂ ಕೇಳುತ್ತದೆ: ನಿನ್ನನ್ನು ಇಲ್ಲಿ ಯಾರಾದರೂ ಅಡಗಿಸಿದ್ದಾರಾ? ಹೌದು ಅಂದವರ ಪಟ್ಟಿ ಕೊಡುತ್ತದೆ. ದೊಡ್ಡ ಕೋಡೇನಲ್ಲ. ಬರೆದದ್ದರಲ್ಲಿ ನನಗೆ ಹೆಮ್ಮೆ ಇರುವುದು ಅದರ ಮೇಲೆ ಮಾತ್ರ.

ಇದೇ ಕಣ್ಣಿನಿಂದ ನಮ್ಮ ತುಮಕೂರಿನ ಮನೆಯನ್ನು ನೋಡುವ ಪ್ರಸಂಗ ಅಪ್ಪ ಹೋದ ಮೇಲೆ ಬಂತು. ಮನೆ ಕಟ್ಟಿಸುವಾಗ ಅಪ್ಪ ದಿನಾ ಸೈಟಿನಲ್ಲಿ ನಿಂತವರು. ಯಾವ ಗೋಡೆಯಲ್ಲಿ ಯಾವ ಪೈಪು, ಯಾವ ವಾಲ್ವ್ ತಿರುಗಿಸಿದರೆ ಯಾವ ಬಚ್ಚಲಿಗೆ ನೀರು ನಿಲ್ಲುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ಅವರಿದ್ದಷ್ಟು ದಿನ ಗೋಡೆಯೊಳಗೆ ಏನಿದೆ ಅಂತ ನಾವ್ಯಾರೂ ಕೇಳಬೇಕಾಗಿರಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಕೆಳಗಿನ ಬಚ್ಚಲ ಗೋಡೆ ಒದ್ದೆಯಾಗತೊಡಗಿತು. ಅಮ್ಮ ಒಬ್ಬರೇ. ಬಂದ ಪ್ಲಂಬರು "ಗೋಡೆ ಪೂರ್ತಿ ಒಡೀಬೇಕಮ್ಮ" ಅಂದ. ಅವನ ತಪ್ಪಿಲ್ಲ, ಅವನ ಕೈಯಲ್ಲಿ ಯಾವ ವ್ಯೂ ಇತ್ತು?

ಅಪ್ಪನ ಹಳೇ ಫೋನಿನಲ್ಲಿ ಫೋಟೋಗಳು ಸಿಕ್ಕವು. ಪ್ಲಾಸ್ಟರಿಂಗ್ ಆಗುವ ಮುಂಚೆ, ಪ್ರತಿ ಗೋಡೆಗೂ ಟೇಪು ಹಿಡಿದು ತೆಗೆದವು. ಇಟ್ಟಿಗೆ ಕೊರೆದ ಕಾಲುವೆ, ಅದರಲ್ಲಿ ಪೈಪು, ಟೇಪಿನ ಮೇಲೆ ಅವರ ಹೆಬ್ಬೆರಳು. ಕೆಲವಂತೂ ಅಲುಗಾಡಿ ಮಸುಕಾಗಿದ್ದವು. ಎರಡು ಭಾನುವಾರ ಕೂತು ಅವನ್ನು ನೋಡಿ ನೋಡಿ ಮನೆಯ ಮಾದರಿ ಮಾಡಿದೆ. ಎರಡು ಕಡೆ ಟೇಪಿನ ಅಂಕಿ ಕಾಣದೆ ಇಟ್ಟಿಗೆ ಎಣಿಸಿ ಲೆಕ್ಕ ಹಾಕಬೇಕಾಯಿತು.

ಪ್ಲಂಬರಿಗೆ ಕೊಟ್ಟದ್ದು ಆ ಗೋಡೆಯ ಒಂದೇ ನೋಟ. ಬಿಸಿನೀರಿನ ಪೈಪು ದಪ್ಪ ಗೆರೆ, ತಣ್ಣೀರಿನದು ಸಣ್ಣ ಗೆರೆ, ವೈರಿನ ಪೈಪು ತೆಳು ಬೂದು. ಅವನಿಗೆ ವೈರು ಬೇಡ, ಆದರೆ ಡ್ರಿಲ್ ಹಿಡಿದವನಿಗೆ ಅದು ಪೂರ್ತಿ ಕಾಣದಿರುವುದೂ ಬೇಡ. ಟೈಲಿನ ಗೆರೆಗಳನ್ನು ಬಿಟ್ಟಿದ್ದೆ. ಅವನು ಎಣಿಸುವುದು ಟೈಲನ್ನೇ ತಾನೆ. ಎರಡು ಟೈಲು ಒಡೆದ. ಜಾಯಿಂಟ್ ನಾನು ತೋರಿಸಿದ ಕಡೆಗಿಂತ ನಾಲ್ಕು ಬೆರಳು ಪಕ್ಕದಲ್ಲಿತ್ತು, ಮೂರನೇ ಟೈಲೂ ಹೋಯಿತು. ಆ ಬಣ್ಣದ ಟೈಲು ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ. ಬೇರೆ ಬಣ್ಣದ ಮೂರು ಅಲ್ಲಿ ಕೂತಿವೆ.

ಅಮ್ಮನಿಗೂ ಒಂದು ಹಾಳೆ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಪೈಪೇ ಇಲ್ಲ. ಗೋಡೆಗಳು, ಏಳು ವಾಲ್ವು, ಒಂದೊಂದರ ಪಕ್ಕ ಯಾವುದು ನಿಲ್ಲುತ್ತದೆ ಅನ್ನುವ ಎರಡು ಪದ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಸಂಪಿನಿಂದ ಟ್ಯಾಂಕಿಗೆ ಹೋಗೋದು ಎಲ್ಲಿ?" ಅಂದರು. ಅದು ನಿಮಗೆ ಯಾಕಮ್ಮ ಅಂದೆ. "ನಿಮ್ಮಪ್ಪ ಮೋಟರ್ ಹಾಕಿ ಆ ಪೈಪಿಗೆ ಕಿವಿ ಇಟ್ಟು ಕೇಳ್ತಿದ್ರು, ನೀರು ಹತ್ತುತ್ತಿದೆಯಾ ಅಂತ. ನಾನೂ ಕೇಳಬೇಕಲ್ಲ," ಅಂದರು. ಆ ಒಂದು ಪೈಪಿಗೆ ಟಿಕ್ ಹಾಕಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಮತ್ತೆ ಪ್ರಿಂಟ್ ತೆಗೆದೆ. ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದಾರೆ.