ಮೆಲ್ಬರ್ನ್ ರಾಜಧಾನಿಯಾಗಿದ್ದ ಕಾಲ

ಜೂನ್ ತಿಂಗಳು ಅಕೌಂಟೆಂಟ್‌ಗೆ ರಜೆ ಸಿಗುವ ಕಾಲವಲ್ಲ. ಆದರೂ ಅರ್ಧ ದಿನ ರಜೆ ಹಾಕಿದೆ. ಮಗಳಿಗೆ ಯೂನಿವರ್ಸಿಟಿಯ ಮೊದಲ ಪರೀಕ್ಷೆ. "ನೀನು ಬರಬೇಡ ಅಪ್ಪ" ಅಂದಳು, ಹೋದೆ. ಪರೀಕ್ಷೆ ನಡೆಯುವ ಹಾಲ್ ಕಾರ್ಲ್ಟನ್‌ನ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್. ಎಂಟು ವರ್ಷ ಸಿಡ್ನಿಯಲ್ಲಿದ್ದು, ಬಾಡಿಗೆ ಲೆಕ್ಕ ಹೊಂದದೆ ಮೆಲ್ಬರ್ನ್‌ಗೆ ಬಂದವನು ನಾನು. ಇಲ್ಲಿ ನಾಲ್ಕು ವರ್ಷವಾದರೂ ಸಿಟಿ ಅಂದರೆ ಆಫೀಸು, ಸ್ಟೇಷನ್ನು ಅಷ್ಟೇ. ಅವಳು ಒಳಗೆ ಹೋದ ಮೇಲೆ ಚಳಿಯಲ್ಲೇ ಸುತ್ತಿ ನೋಡಿದೆ.

ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಅಂತ ತಿಳಿದೇ ನಮ್ಮಲ್ಲಿ ಬಹಳ ಜನ ವಿಮಾನ ಹತ್ತಿರುತ್ತಾರೆ (ನಾನೂ ಹೌದು). ಕ್ಯಾನ್‌ಬೆರಾ ಹೆಸರು ಆಮೇಲೆ ಗೊತ್ತಾಗುತ್ತೆ. ಆದರೆ 1901ರಿಂದ 1927ರವರೆಗೆ, 26 ವರ್ಷ, ದೇಶದ ಪಾರ್ಲಿಮೆಂಟ್ ಇದ್ದದ್ದು ಮೆಲ್ಬರ್ನ್‌ನಲ್ಲಿ. ಎರಡೂ ಊರಿನವರು ರಾಜಧಾನಿ ನಮಗೇ ಬೇಕು ಅಂತ ಹಟ ಹಿಡಿದಿದ್ದರು. ಕೊನೆಗೆ ರಾಜಿಯನ್ನು ಸಂವಿಧಾನದಲ್ಲೇ ಬರೆದರು: ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲಿರಲಿ, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರ, ಅಲ್ಲಿಯವರೆಗೆ ಸಭೆ ಮೆಲ್ಬರ್ನ್‌ನಲ್ಲಿ. ಥೇಟ್ ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ.

ಮೊದಲ ಪಾರ್ಲಿಮೆಂಟ್ ಉದ್ಘಾಟನೆಯಾದದ್ದು 1901ರ ಮೇ 9ರಂದು, ನನ್ನ ಮಗಳು ಪರೀಕ್ಷೆ ಬರೆಯುತ್ತಿದ್ದ ಇದೇ ಕಟ್ಟಡದಲ್ಲಿ. 1851ರಲ್ಲಿ ಚಿನ್ನ ಸಿಕ್ಕಿ ಶ್ರೀಮಂತವಾದ ಊರು 1880ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಕಟ್ಟಿಸಿದ್ದು. 2004ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಗುಮ್ಮಟ ದೂರದಿಂದಲೇ ಕಾಣುತ್ತೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಸ್ಪ್ರಿಂಗ್ ಸ್ಟ್ರೀಟಿನ ಪಾರ್ಲಿಮೆಂಟ್ ಹೌಸ್. ಉದ್ಘಾಟನೆ ಮುಗಿದ ಮೇಲೆ ದೇಶದ ಸಂಸದರು ಇಲ್ಲಿ ಕೂತರು. ಸ್ವಂತ ಮನೆಯವರಾದ ವಿಕ್ಟೋರಿಯಾ ಶಾಸಕರು ಜಾಗ ಬಿಟ್ಟುಕೊಟ್ಟು ಎಕ್ಸಿಬಿಷನ್ ಬಿಲ್ಡಿಂಗ್‌ಗೆ ಹೋದರು!

ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಆ ಹೊಸ ಪಾರ್ಲಿಮೆಂಟ್ ಮೊದಲ ವರ್ಷವೇ ಪಾಸು ಮಾಡಿದ್ದು ಇಮಿಗ್ರೇಷನ್ ರಿಸ್ಟ್ರಿಕ್ಷನ್ ಕಾಯ್ದೆ. ನಮ್ಮಂಥ ಬಣ್ಣದವರನ್ನು ಹೊರಗಿಡುವುದಕ್ಕೇ ಮಾಡಿದ್ದು, ಆದರೆ ಬಣ್ಣ ಅಂತ ಎಲ್ಲೂ ಬರೆಯಲಿಲ್ಲ. ಅಧಿಕಾರಿ ಯಾವುದಾದರೂ ಒಂದು ಯುರೋಪಿನ ಭಾಷೆಯಲ್ಲಿ 50 ಪದ ಉಕ್ತಲೇಖನ ಕೊಡುತ್ತಾನೆ, ಬರೆಯದಿದ್ದರೆ ವಾಪಸ್. ಭಾಷೆ ಆರಿಸುವವನು ಅವನೇ. 1934ರಲ್ಲಿ ಎಗೋನ್ ಕಿಶ್ ಎಂಬ ಪತ್ರಕರ್ತನಿಗೆ ಹಲವು ಭಾಷೆ ಬರುತ್ತಿತ್ತು ಅಂತ ಸಿಡ್ನಿಯಲ್ಲಿ ಸ್ಕಾಟಿಷ್ ಗೇಲಿಕ್‌ನಲ್ಲಿ ಕೊಟ್ಟರು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಈ ಪರೀಕ್ಷೆ ಹೋದದ್ದು 1958ರಲ್ಲಿ, ಬಿಳಿಯರ ನೀತಿ ಪೂರ್ತಿ ಹೋದದ್ದು 1973ರಲ್ಲಿ. ನಾನು ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲು.

ವಾಪಸ್ ಬರುವಾಗ ವಿಕ್ಟೋರಿಯಾ–ರಸೆಲ್ ಸ್ಟ್ರೀಟ್ ಮೂಲೆಯಲ್ಲಿ ಒಂದು ಕಂಬ, ತುದಿಯಲ್ಲಿ 888. ಎಂಟು ಗಂಟೆ ಕೆಲಸ, ಎಂಟು ಗಂಟೆ ಮನರಂಜನೆ, ಎಂಟು ಗಂಟೆ ವಿಶ್ರಾಂತಿ. 1856ರ ಏಪ್ರಿಲ್ 21ರಂದು ಯೂನಿವರ್ಸಿಟಿ ಕಟ್ಟುತ್ತಿದ್ದ ಕಲ್ಲುಕೆಲಸದವರು ಉಳಿ-ಸುತ್ತಿಗೆ ಕೆಳಗಿಟ್ಟು ಪಾರ್ಲಿಮೆಂಟಿನ ಕಡೆ ಮೆರವಣಿಗೆ ಹೊರಟು ಗೆದ್ದದ್ದು, ಸಂಬಳ ಕಡಿತವಿಲ್ಲದೆ. (ಸಿಡ್ನಿಯವರು ಬೇಜಾರಾಗಬೇಡಿ, ನಿಮ್ಮಲ್ಲಿ ಕೆಲವರು 1855ರಲ್ಲೇ ಗೆದ್ದಿದ್ದರು.) ನನ್ನ ಜೂನ್ ಟೈಮ್‌ಶೀಟ್ ನೆನಪಾಗಿ ನಗು ಬಂತು. ಗೋದಾಮಿನಲ್ಲಿ ಹನ್ನೆರಡು ಗಂಟೆ ಶಿಫ್ಟ್ ಮಾಡುವ ನಮ್ಮ ಹುಡುಗರಿಗೆ ಇದನ್ನು ಒಮ್ಮೆ ತೋರಿಸಬೇಕು.

ನೋಡುವವರು ಪಾರ್ಲಿಮೆಂಟ್ ಸ್ಟೇಷನ್‌ನಲ್ಲಿ ಇಳಿಯಿರಿ, ಮೂರೂ ನಡೆದೇ ನೋಡಬಹುದು. ದುಡ್ಡಿನ ಖರ್ಚಿಲ್ಲ.

ಮಗಳು ಹೊರಗೆ ಬಂದಾಗ "ಹೇಗಾಯ್ತಮ್ಮ?" ಅಂದೆ. "ಕೊನೆ ಪ್ರಶ್ನೆಗೆ ಟೈಮ್ ಸಾಲಲಿಲ್ಲ ಅಪ್ಪ. ನೀನು ಇಷ್ಟು ಹೊತ್ತು ಏನು ಮಾಡ್ತಿದ್ದೆ?" ಅಂದಳು. ಟ್ರೈನಿನಲ್ಲಿ ಹೇಳ್ತೀನಿ, ನಡಿ ಅಂದೆ.